ಸಣ್ಣ ಬೇಸ್ ಡಬ್ಬಿ

ರೀ,

ಗರಗಸ ಮುಟ್ಟಬ್ಯಾಡ್ರಿ! ನೀವು ಪ್ಲೈವುಡ್ ಕೊಯ್ದು ಮಾಡಿದ ಸ್ಪೀಕರಿನ ಸಣ್ಣ ಬೇಸ್ ಡಬ್ಬಿ ಛಲೋ ಅದ, ಒಡೀಬ್ಯಾಡ್ರಿ. ನಿನ್ನಿ ನೀವು ಕ್ಯಾಸೆಟ್ ಹಚ್ಚಿದಾಗ ಗರ್ ಅಂದದ್ದು ಡಬ್ಬಿ ಅಲ್ಲ, ಗೋಡಿ ಮ್ಯಾಲಿನ ನನ್ನ ಭಾಂಡೆ ಸ್ಟ್ಯಾಂಡ್. ನೀವು ಟೆಂಪೊ ಗಾಡಿ ಹೇಳಾಕ ಹೋದ ಮ್ಯಾಲ ತಾಟೆಲ್ಲ ಕೆಳಗ ಇಳಿಸಿ ಅದೇ ಕ್ಯಾಸೆಟ್ ಹಚ್ಚಿದೆ. ಬೇಸಿಗಿ ಎದಿ ಧಡ್ ಧಡ್ ಅಂತು, ಬ್ಯಾರೆ ಸಪ್ಪಳ ಒಂದೂ ಇಲ್ಲ. ಹೋದ ಜೀವ ಬಂದಂಗಾತು.

ಜೇವರ್ಗಿ ಮದುವಿಗಿ ಇದನ್ನೇ ಒಯ್ರಿ. ದೊಡ್ಡ ಡಬ್ಬಿ ಎತ್ತಾಕ ನಾಲ್ಕು ಮಂದಿ ಬೇಕು. ಹೋದ ಸಲ ನಡಾ ಹಿಡ್ಕೊಂಡು ಮಲಗಿದಾಗ ಎಣ್ಣಿ ತಿಕ್ಕಿದಾಕಿ ನಾನೇ.

ನಾ ಅವ್ವನ್ನ ನೋಡಾಕ ಕಡಗಂಚಿಗಿ ಹೊಂಟೇನಿ. ಬುತ್ತಿ ಕಟ್ಟಿಟ್ಟೇನಿ, ಮರೀಬ್ಯಾಡ್ರಿ.

ನೀವು ಮದುವಿಗಿ ಹೋಗೂದ್ರೊಳಗ ಆ ಸ್ಟ್ಯಾಂಡಿಗಿ ಮೊಳಿ ಹೊಡೀರಿ. ಲಗ್ನ ಆದಾಗಿಂದ ನಾ ಹೇಳಾಕತ್ತೇನಿ, ನೀವು ಕೇಳಲಿಲ್ಲ. ಈಗ ನಿಮ್ಮ ಡಬ್ಬೀನೇ ಹೇಳ್ಯಾದ.

ಅಂಬು