ನೋವಿಲ್ಲ ಎಂದು ಬರೆಸಿದ್ದು

ಡಾಕ್ಟರಿಗೆ ನಮಸ್ಕಾರ.

ನಾಲ್ಕು ದಿನದ ಹಿಂದೆ ತಮ್ಮನಿಗೆ ಕಿಡ್ನಿ ಕೊಟ್ಟವಳು ನಾನು. ನೋವು ಇಳಿಸುವ ಪಂಪು ದುಬಾರಿಯೆಂದು ಬೇಡವೆಂದೆ. ಬರೀ ಮಾತ್ರೆ ನುಂಗಿ ಹಲ್ಲು ಕಚ್ಚಿಕೊಂಡಿದ್ದೆ. ಆದರೂ ನಿಮ್ಮ ಫಾರಂನಲ್ಲಿ "ನೋವಿಲ್ಲ, ತೃಪ್ತಿಯಿದೆ" ಎಂದು ಬರೆಸಿದೆ. ಕಿವಿಯ ಓಲೆ ಮಾರಿ ಆಸ್ಪತ್ರೆಗೆ ದುಡ್ಡು ಕಟ್ಟಿದ ತಮ್ಮನ ಹೆಂಡತಿಯೇ ಅದನ್ನು ತುಂಬುತ್ತಿದ್ದಳು; ಅವಳ ಮನಸ್ಸು ನೋಯಬಾರದಿತ್ತು.

ಪಕ್ಕದ ಹಾಸಿಗೆಯ ತಾಯಿ ನಾಳೆ ಬೆಳಿಗ್ಗೆ ಮಗಳಿಗೆ ಕಿಡ್ನಿ ಕೊಡುತ್ತಾರೆ. "ನಿಮಗೆ ನೋವೇ ಆಗ್ಲಿಲ್ವಂತಲ್ಲ ಅಕ್ಕಾ, ನರ್ಸ್ ಹೇಳಿದ್ರು. ನಾನೂ ಪಂಪು ಬೇಡ ಅಂದ್ಬಿಟ್ಟೆ" ಎಂದರು. ತಮ್ಮನ ಹೆಂಡತಿ ಅಲ್ಲೇ ಇದ್ದಳು. ಅವಳೆದುರು ನಿಜ ಹೇಳಲಾಗದೆ ಈ ಚೀಟಿ ಬರೆಯುತ್ತಿದ್ದೇನೆ.

ದಯವಿಟ್ಟು ಆ ತಾಯಿಗೆ ನಿಜ ತಿಳಿಸಿ. ಕೆಮ್ಮಿದರೂ ಜೀವ ಹೋದಂತಾಗುತ್ತಿತ್ತು. ಸಂಜೆಯೊಳಗೆ ನೀವು ಹೇಳದಿದ್ದರೆ ನಾನೇ ಹೇಳುತ್ತೇನೆ, ತಮ್ಮನ ಹೆಂಡತಿ ಕೇಳಿಸಿಕೊಂಡರೂ ಸರಿ.

ಇಂತಿ,
ಏಳನೇ ಹಾಸಿಗೆಯವಳು