ಊದಿನಕಡ್ಡಿ ಮತ್ತು ಬ್ಯಾಟರಿ

ಮೈಂದರ್ಗಿ

ಮನೆಯೊಡತಿ ರತ್ನಾ ಆಯಿಯವರಿಗೆ,

ನೀವು ಬಾಗಿಲು ತೆರೆಯದ್ದರಿಂದ ಈ ಚೀಟಿಯನ್ನು ಸಂದಿಯಿಂದ ಒಳಗೆ ಹಾಕುತ್ತಿದ್ದೇನೆ. ಬೆಳಿಗ್ಗೆ ನಮ್ಮ ಕಾರಿಗೆ ಪೂಜೆ ಮಾಡಲೆಂದು ನೀವು ಊದಿನಕಡ್ಡಿ ಹೊತ್ತಿಸಿಕೊಂಡು ಶೆಡ್ಡಿಗೆ ಬಂದಾಗ, “ಹೊರಗ ನಡೀರಿ!” ಎಂದು ನಾನು ಚೀರಿದ್ದು ಸಿಟ್ಟಿನಿಂದಲ್ಲ, ಹೆದರಿಕೆಯಿಂದ. ಕಾರಿನ ಇಳಿದುಹೋದ ಬ್ಯಾಟರಿಯನ್ನು ಚಾರ್ಜಿಗೆ ಹಾಕಿದ್ದೆ; ಚಾರ್ಜ್ ಆಗುವಾಗ ಅದು ಗ್ಯಾಸ್ ಬಿಡುತ್ತದೆ. ಕಿಡಿ ತಾಗಿದರೆ ಸಿಡಿಯುತ್ತದೆ. “ಬಾಡಿಗಿ ಇದ್ದಾಕಿ ನನಗ ಹೊರಗ ಹಾಕ್ತಾಳ” ಎಂದು ನೀವು ಅಂದಿದ್ದು ಕೇಳಿಸಿತು.

ಆಮೇಲೆ ಶೆಡ್ಡಿನ ಬಾಗಿಲು ಪೂರ್ತಿ ತೆರೆದಿಟ್ಟೆ. ಚಾರ್ಜರ್ ಬಂದ್ ಮಾಡಿದ ಮೇಲೆಯೇ ವೈರು ಬಿಚ್ಚಿದೆ. ಕಾರು ಚಾಲೂ ಆಯಿತು. ನಮ್ಮವರು ಎಂಐಡಿಸಿಯ ಕಾರ್ಖಾನೆಯಿಂದ ಬಸ್ಸಿನಲ್ಲಿ ಬರುತ್ತಿದ್ದಾರೆ. ನನಗೆ ಹೆರಿಗೆ ಬೇನೆ ಶುರುವಾಗಿದೆ, ಕೂತಲ್ಲಿ ಕೂರಲಾಗುತ್ತಿಲ್ಲ. ಅವರು ಬಂದ ಕೂಡಲೇ ಅಕ್ಕಲಕೋಟದ ದವಾಖಾನೆಗೆ ಹೊರಡಬೇಕು. ತವರಿನಿಂದ ಬರುವವರು ಯಾರೂ ಇಲ್ಲವೆಂದು ನಿಮಗೆ ಗೊತ್ತು. ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂರುತ್ತೀರಾ, ಆಯಿ?

ನಿಮ್ಮ ಬಾಗಿಲ ಹೊರಗೇ ನಿಂತಿರುವ,
ಶುಭಾಂಗಿ