ನಿಯಮ ಪಾಲನೆಗಾಗಿ ವಿಷಾದಿಸುವ ವಿಮಾನ ಸಂಸ್ಥೆಯ ಮುಖ್ಯಸ್ಥರಿಗೆ

ಮಾನ್ಯರೇ,

ಪ್ರಯಾಣಿಕರ ಕ್ಷಮೆ ಕೋರಿ ನೀವು ಪತ್ರಿಕೆಗಳಲ್ಲಿ ಕೊಟ್ಟ ಪ್ರಕಟಣೆಯನ್ನು ಓದಿ, ನಂಬಿಕೆ ಬಾರದೆ ಇನ್ನೊಮ್ಮೆ ಓದಿದೆ. ‘ಪೈಲಟ್‌ಗಳು ನಿಯಮಗಳನ್ನು ಚಾಚೂ ತಪ್ಪದೆ ಪಾಲಿಸುತ್ತಿರುವುದರಿಂದ ವಿಮಾನಗಳು ತಡವಾಗುತ್ತಿವೆ, ವಿಷಾದಿಸುತ್ತೇವೆ.’ ಆ ನಿಯಮಗಳನ್ನು ಬರೆದವರು ಯಾರು? ನಿಯಮ ಪುಸ್ತಕದ ಮೊದಲ ಪುಟದಲ್ಲಿ ನಿಮ್ಮದೇ ಸಹಿ ಇದೆಯಲ್ಲ? ಅಡುಗೆಯವನು ಕೈ ತೊಳೆದುಕೊಂಡಿದ್ದಕ್ಕೆ ಹೋಟೆಲಿನ ಮಾಲೀಕ ಗಿರಾಕಿಗಳ ಕ್ಷಮೆ ಕೇಳಿದ ಹಾಗಿದೆ ಇದು. ಹಾಗಾದರೆ ಇಷ್ಟು ದಿನ ತಾನು ತಿಂದದ್ದು ಎಂಥದ್ದು ಎಂದು ಗಿರಾಕಿ ಯೋಚಿಸುವುದಿಲ್ಲವೇ?

ನನ್ನ ಹೆಂಡತಿ ನಿಮ್ಮಲ್ಲಿ ಕ್ಯಾಪ್ಟನ್. ಎರಡು ಹಾರಾಟಗಳ ನಡುವೆ ಸರಿಯಾದ ವಿಶ್ರಾಂತಿ ಬೇಕೆಂಬುದು ಪೈಲಟ್‌ಗಳ ಸಂಘದ ಬೇಡಿಕೆ. ನೀವು ಕಿವಿಗೊಡದಿದ್ದಾಗ ಸಂಘ ಹೂಡಿದ ಒತ್ತಡ ತಂತ್ರ ವಿಚಿತ್ರವಾದದ್ದು. ಮುಷ್ಕರವಿಲ್ಲ, ಘೋಷಣೆಯಿಲ್ಲ; ಪುಸ್ತಕದಲ್ಲಿ ಇರುವುದನ್ನೆಲ್ಲ ಮಾಡುವುದು, ಇಲ್ಲದ್ದನ್ನು ಮಾಡದಿರುವುದು. ತೊಂದರೆಯೆಂದರೆ, ಇಂಥ ತಂತ್ರವನ್ನು ವಿಮಾನ ನಿಲ್ದಾಣದ ಬಾಗಿಲಲ್ಲೇ ಬಿಟ್ಟು ಮನೆಗೆ ಬರಲು ಆಗುವುದಿಲ್ಲ. ಈಗ ಅವಳು ಕಾರು ಹತ್ತುವ ಮುನ್ನ ಅದರ ಸುತ್ತ ನಡೆದು, ಬಗ್ಗಿ, ಟೈರುಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಾಳೆ. “ಕಾರು ಮಾರ್ತಿದ್ದೀರಾ ಸಾರ್?” ಎಂದು ಪಕ್ಕದ ಮನೆಯವರು ನನ್ನನ್ನು ಕೇಳಿದರು. ಅಡುಗೆಮನೆಯಲ್ಲಿ ನನ್ನ ಅಮ್ಮನೇ ಸಹ-ಪೈಲಟ್; ಇವಳು ಪಟ್ಟಿ ಹಿಡಿದು ಕೇಳುತ್ತಾಳೆ, ಅಮ್ಮ ಉತ್ತರಿಸುತ್ತಾಳೆ.

“ಗ್ಯಾಸ್?”

“ಹಚ್ಚಾಯ್ತು.”

“ಪಾತ್ರೆ?”

“ಇಟ್ಟಾಯ್ತು.”

“ಹಾಲು?”

“ಅದು ಉಕ್ಕಿಯೂ ಆಯ್ತು ಕಣಮ್ಮಾ, ನೀನು ಪಾತ್ರೆ ಕೇಳೋ ಹೊತ್ತಿಗೆ.”

ನಿಜ ಹೇಳಬೇಕೆಂದರೆ ನಿಮ್ಮ ಈ ತಂತ್ರ ಸಾಕು ಎಂದು ದೂರಿ, ಈ ಪತ್ರವನ್ನು ಸಂಘಕ್ಕೆ ಬರೆಯಲೆಂದೇ ಕುಳಿತಿದ್ದೆ. ಅಷ್ಟರಲ್ಲಿ ನಿಮ್ಮ ಕಚೇರಿಯಿಂದ ಫೋನ್ ಬಂತು. ಅವತ್ತು ಅವಳಿಗೆ ರಜೆ. ಫೋನ್ ಎತ್ತಿದ್ದು ಅಮ್ಮ. ಅಮ್ಮ ಫೋನ್ ಎತ್ತುವುದೇ ಸ್ಪೀಕರ್ ಹಾಕಿ.

“ಕ್ಯಾಪ್ಟನ್ ಇದ್ದಾರಾ? ಒಂದು ಫ್ಲೈಟ್‌ಗೆ ಯಾರೂ ಸಿಗ್ತಿಲ್ಲ. ಸ್ವಲ್ಪ ಸಹಕರಿಸಬೇಕಿತ್ತು.”

“ಮಲಗಿದ್ದಾಳೆ.”

“ಎಬ್ಬಿಸ್ತೀರಾ ಅಮ್ಮಾ?”

“ಮಲಗಿರೋ ಸೊಸೇನ ಎಬ್ಬಿಸ್ಬೇಕು ಅಂತ ನಿಮ್ಮ ಪುಸ್ತಕದಲ್ಲಿದ್ಯಾ?”

“ಇಲ್ಲಮ್ಮಾ.”

“ಹಾಗಾದ್ರೆ ಇಡ್ತೀನಪ್ಪ. ನಾನೂ ಸಂಘದವಳೇ.”

‘ಸಹಕಾರ’ ಎಂಬ ಆ ಮುದ್ದಾದ ಪದದ ಅರ್ಥ ನನಗೆ ಹೊಳೆದದ್ದು ಆಗಲೇ. ಇಷ್ಟು ವರ್ಷ ನಿಮ್ಮ ವೇಳಾಪಟ್ಟಿ ನಡೆದದ್ದು ನಮ್ಮ ಮನೆಯ ನಿದ್ದೆಯಿಂದ. ಯೂನಿಫಾರ್ಮಿನಲ್ಲೇ ಸೋಫಾದ ಮೇಲೆ ಕುಸಿದವಳ ಬೂಟು ಬಿಚ್ಚುವುದೇ ನಮ್ಮ ದಾಂಪತ್ಯದಲ್ಲಿ ನನ್ನ ಪಾಲಿನ ಮಾತುಕತೆಯಾಗಿತ್ತು. ಅವತ್ತು ಅವಳು ನಿದ್ದೆ ಮುಗಿಸಿ, ತಾನಾಗಿ ಎದ್ದು ಬಂದು, ನನ್ನ ಎದುರು ಕುಳಿತು ನನ್ನನ್ನು ನೋಡಿದಳು. “ನಿಮ್ಮ ಕೂದಲು ಯಾವಾಗ ಬೆಳ್ಳಗಾಯ್ತು?” ಎಂದಳು.

ಆದ್ದರಿಂದ, ಮಾನ್ಯರೇ, ಆ ವಿಶ್ರಾಂತಿಯನ್ನು ಒಪ್ಪಂದದಲ್ಲಿ ಬರೆದು ಸಹಿ ಹಾಕಿ. ನಿಯಮ ಪಾಲಿಸಿದರೆ ಹಾರಲಾರದ ವಿಮಾನದಲ್ಲಿ ಕೂರುವ ಧೈರ್ಯ ನಿಮಗಿದ್ದರೆ ಕೂರಿ. ಅದನ್ನು ಹಾರಿಸಲು ನಮ್ಮ ಮನೆಯಿಂದ ಯಾರೂ ಬರುವುದಿಲ್ಲ. ಇದರಲ್ಲಿ ಚೌಕಾಸಿ ಮಾಡಬೇಕೆನಿಸಿದರೆ ಅಮ್ಮನ ಹತ್ತಿರ ಮಾತಾಡಿ. ಬರುವಾಗ ಪುಸ್ತಕ ತನ್ನಿ.

ಇಂತಿ,
ಉಕ್ಕಿದ ಹಾಲನ್ನು ಯಾವ ನಿಯಮವೂ ಇಲ್ಲದೆ ಒರೆಸುತ್ತಿರುವ,
ನಿಮ್ಮ ಕ್ಯಾಪ್ಟನ್ ಒಬ್ಬರ ಗಂಡ